ಜಾತ್ರೆಯಲ್ಲಿ ಗೆದ್ದ ನಾಟಕ ಸ್ಪರ್ಧೆಯಲ್ಲಿ ಯಾಕೆ ಬೀಳುತ್ತದೆ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಸಣ್ಣ ಊರು. ಯುವಕ ಸಂಘದಿಂದ ಪ್ರತಿ ವರ್ಷ ಜಾತ್ರೆಗೆ ಸಾಮಾಜಿಕ ನಾಟಕ ಆಡುತ್ತೇವೆ. ಸುತ್ತಲಿನ ಊರವರೆಲ್ಲ ಬರುತ್ತಾರೆ, ಒನ್ಸ್ ಮೋರ್ ಅನ್ನುತ್ತಾರೆ, ಆಯೇರಿ (ಮೆಚ್ಚಿದ ನಟರಿಗೆ ಕಾಣಿಕೆ) ಮಾಡುತ್ತಾರೆ. ಅದೇ ನಾಟಕ ತಗೊಂಡು ಈ ಸಲ ಒಂದು ಸ್ಪರ್ಧೆಗೆ ಹೋಗಿದ್ದೆವು. ಒಂದೂ ಬಹುಮಾನ ಬರಲಿಲ್ಲ, ಜನ ನಡುವೆಯೇ ಎದ್ದು ಹೋದರು. ಮುಂದಿನ ವರ್ಷ ದೊಡ್ಡ ಸೆಟ್ ಹಾಕಿಸೋಣ ಅಂತ ಕೆಲವರು, ಪಟ್ಟಣದಿಂದ ಡೈರೆಕ್ಟರ್ ಕರೆಸೋಣ ಅಂತ ಕೆಲವರು. ಹಳ್ಳಿಯ ಹವ್ಯಾಸಿ ತಂಡಗಳು ಹೊರಗೆ ಹೋಗಿ ಹೇಗೆ ಗೆಲ್ಲುತ್ತವೆ ಸರ್? ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಊರಲ್ಲಿ ಆಯೇರಿ ಮಾಡಿದರು ಅಂದಿರಿ. ಯಾರಿಗೆ ಮಾಡಿದರು? ಗೌಡನ ಪಾತ್ರ ಮಾಡಿದವನು ಒಬ್ಬರಿಗೆ ಅಳಿಯ, ಇನ್ನೊಬ್ಬರಿಗೆ ಬೀಗ, ಮತ್ತೊಬ್ಬರ ಹೊಲಕ್ಕೆ ಟ್ರ್ಯಾಕ್ಟರ್ ಹೊಡೆಯುವವನು. ಆತ ಬಣ್ಣ ಹಚ್ಚಿಕೊಂಡು ಮೀಸೆ ತಿರುವಿದರೆ ಸಾಕು, ಜನಕ್ಕೆ ಖುಷಿ. ಮಾತು ಮರೆತರೆ ನಗುತ್ತಾರೆ, ನೆನಪಾದರೆ ಚಪ್ಪಾಳೆ ತಟ್ಟುತ್ತಾರೆ. ಸ್ಪರ್ಧೆ ನಡೆಯುವ ಊರಲ್ಲಿ ಆತ ಯಾರಿಗೂ ಏನೂ ಆಗಬೇಕಿಲ್ಲ. ಅಲ್ಲಿ ಕೂತವರಿಗೆ ಕಾಣುವುದು ಗೌಡನ ಪಾತ್ರ ಒಂದೇ. ಅದು ಗಟ್ಟಿ ಇಲ್ಲದಿದ್ದರೆ ಅವರಿಗೆ ನೋಡಲಿಕ್ಕೆ ಏನು ಉಳಿಯಿತು?

ಗುರುತು ಪರಿಚಯ ಇಲ್ಲದ ಜನರ ಮುಂದೆ ನಿಲ್ಲುವ ಹಾಗೆ ನಾಟಕ ಕಟ್ಟಿದ್ದೀರಾ? ಹಳ್ಳಿ ತಂಡಗಳು ಹೊರಗೆ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಇದರ ಮೇಲೆ. ಸೆಟ್ಟು, ಲೈಟು, ಪಟ್ಟಣದ ಡೈರೆಕ್ಟರ್ ಎಲ್ಲ ಆಮೇಲಿನ ಮಾತು.

ಹಳ್ಳಿ ತಂಡಗಳಿಗೆ ನಾಟಕ ಆಡಿಸಿದ್ದೇನೆ, ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿಯೂ ಕೂತಿದ್ದೇನೆ. ಕೆಳಗೆ ಕೂತಾಗ ಮೊದಲು ಕಣ್ಣಿಗೆ ಬೀಳುವುದು ಮೈಕಿನ ಅಭ್ಯಾಸ. ಜಾತ್ರೆಯ ಸ್ಟೇಜಿನ ಮುಂದುಗಡೆ ಎರಡು ಮೈಕು ಇರುತ್ತವೆ, ಮೇಲಿಂದ ಒಂದೋ ಎರಡೋ ಇಳಿಬಿಟ್ಟಿರುತ್ತಾರೆ. ನಟ ಬರುತ್ತಾನೆ, ಮೈಕಿನ ಹತ್ತಿರ ನಿಲ್ಲುತ್ತಾನೆ, ಡೈಲಾಗ್ ಹೊಡೆಯುತ್ತಾನೆ, ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಆಮೇಲೆ ಎದುರು ಪಾತ್ರದ ಪಾಳಿ. ಗಂಡ ಹೆಂಡತಿ ಜಗಳ ಆಡುತ್ತಿರುತ್ತಾರೆ, ಆದರೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇಬ್ಬರ ಮುಖವೂ ಜನರ ಕಡೆ. ಸ್ಪರ್ಧೆಯ ಸಭಾಂಗಣದಲ್ಲಿ ಆ ಮೈಕು ಆ ಜಾಗದಲ್ಲಿ ಇರುವುದಿಲ್ಲ. ಆದರೂ ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ. ಮೂವತ್ತು ಅಡಿ ಅಗಲದ ರಂಗ ಖಾಲಿ ಬಿದ್ದಿರುತ್ತದೆ, ನಾಟಕವೆಲ್ಲ ನಡುವಿನ ನಾಲ್ಕು ಅಡಿಯಲ್ಲಿ ಮುಗಿಯುತ್ತದೆ.

ಇದಕ್ಕೆ ಮದ್ದು ಸುಲಭ. ತಾಲೀಮಿಗೆ ಮೈಕು ಮುಟ್ಟಲೇಬೇಡಿ. ಶಾಲೆಯ ಬಯಲಿನಲ್ಲೋ ಗುಡಿಯ ಮುಂದಿನ ಬಯಲಿನಲ್ಲೋ ತಾಲೀಮು ಇಟ್ಟುಕೊಳ್ಳಿ. ದೂರದ ಕಡೆಗೆ ಒಬ್ಬ ಹಿರಿಯರನ್ನು ಕುರ್ಚಿ ಹಾಕಿ ಕೂಡ್ರಿಸಿ. ಮಾತು ಕೇಳದಿದ್ದಾಗ ಅವರು ಕೈ ಎತ್ತಬೇಕು, ಅಷ್ಟೇ ಅವರ ಕೆಲಸ. ಕಿರುಚಿದರೆ ಕೇಳುವುದಿಲ್ಲ, ಅಕ್ಷರ ಬಿಡಿಸಿ ಹೇಳಿದರೆ ಕೇಳುತ್ತದೆ ಅಂತ ಹುಡುಗರಿಗೆ ಒಂದು ವಾರದಲ್ಲಿ ತಾನಾಗಿ ಗೊತ್ತಾಗುತ್ತದೆ. ಇನ್ನೊಂದು ಮಾತು: ಜಗಳದ ದೃಶ್ಯದ ತಾಲೀಮಿನಲ್ಲಿ ಇಬ್ಬರೂ ಕಣ್ಣಿಗೆ ಕಣ್ಣು ಕೊಟ್ಟೇ ಮಾತಾಡಬೇಕು ಅಂತ ಕಟ್ಟುನಿಟ್ಟು ಮಾಡಿ. ಜನರ ಕಡೆ ಎಷ್ಟು ತಿರುಗಬೇಕು ಅನ್ನುವುದನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು.

ಎರಡನೆಯದು ಮೌನ. ಊರಲ್ಲಿ ಪ್ರತಿ ಡೈಲಾಗಿಗೂ ಸಿಳ್ಳೆ ಬೀಳುತ್ತದೆ, ನಡುನಡುವೆ ಆಯೇರಿ ಕೂಗುತ್ತಾರೆ, ಹಾಡು ಎರಡು ಸಲ ಹಾಡಿಸುತ್ತಾರೆ. ನಟನಿಗೆ ಉಸಿರು ತಗೊಳ್ಳಲು, ಮುಂದಿನ ಮಾತು ನೆನಪು ಮಾಡಿಕೊಳ್ಳಲು ಆ ಗದ್ದಲವೇ ಆಸರೆ. ಸ್ಪರ್ಧೆಯಲ್ಲಿ ಜನ ಸುಮ್ನೆ ಕೂತು ನೋಡುತ್ತಾರೆ. ಆ ಸದ್ದಿಲ್ಲದ ಕತ್ತಲೆ ನೋಡಿ ನಿಮ್ಮ ಹುಡುಗರು ಗಾಬರಿಯಾಗಿರುತ್ತಾರೆ, ಗಾಬರಿಯಲ್ಲಿ ಓಡಿರುತ್ತಾರೆ. ಓಡಿದಾಗ ಮಾತು ನುಂಗಿ ಹೋಗುತ್ತದೆ. ಜನ ಎದ್ದು ಹೋದದ್ದು ಅಲ್ಲಿಂದಲೇ ಶುರುವಾಗಿರಬೇಕು ಅಂತ ನನ್ನ ಊಹೆ.

ಮೂರನೆಯದು ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ನಿಲ್ಲುವ ಮೇಷ್ಟ್ರು. ಅವರನ್ನು ಮನೆಯಲ್ಲೇ ಬಿಟ್ಟು ಹೋಗಿ. ತೀರ್ಪುಗಾರರಿಗೆ ಪ್ರಾಂಪ್ಟಿಂಗ್ ಕೇಳಿಸಿತು ಅಂದರೆ ಆಮೇಲೆ ನಟ ಎಷ್ಟೇ ಚೆನ್ನಾಗಿ ಅತ್ತರೂ ಅಂಕ ಏರುವುದು ಕಷ್ಟ. ಇದರ ಬಗ್ಗೆ ಇಷ್ಟು ಸಾಕು.

ಈಗ ನಾಟಕದ ಆಯ್ಕೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಜಾತ್ರೆಯ ಸಾಮಾಜಿಕ ನಾಟಕಕ್ಕೆ ಅದರದೇ ಒಂದು ಕಟ್ಟು ಇದೆ. ರಾತ್ರಿ ಹತ್ತು ಹನ್ನೊಂದಕ್ಕೆ ಶುರುವಾಗಿ ಬೆಳಗಿನ ಜಾವದವರೆಗೆ ನಡೆಯಬೇಕು. ಒಂದು ಕಡೆ ಗೌಡನ ದಬ್ಬಾಳಿಕೆ, ತಂಗಿಯ ಕಣ್ಣೀರು. ಇನ್ನೊಂದು ಕಡೆ ಹಾಸ್ಯದ ಜೋಡಿ. ನಡುನಡುವೆ ಹಾಡು, ಡಾನ್ಸ್. ತಡವಾಗಿ ಬಂದವನಿಗೂ ಕಥೆ ತಿಳಿಯಬೇಕು, ಚಹಾ ಕುಡಿಯಲು ಎದ್ದು ಹೋಗಿ ಬಂದವನಿಗೂ ತಿಳಿಯಬೇಕು. ಅದಕ್ಕೇ ಒಂದೇ ವಿಷಯವನ್ನು ಮೂರು ಸಲ ಹೇಳಿರುತ್ತಾರೆ. ಇದನ್ನು ಕೀಳು ಅಂತ ಹೇಳುವವರ ಪೈಕಿ ನಾನಲ್ಲ. ರಾತ್ರಿಯಿಡೀ ಸಾವಿರಾರು ಜನರನ್ನು ನೆಲದ ಮೇಲೆ ಕೂಡ್ರಿಸುವುದು ಹುಡುಗಾಟವಲ್ಲ. ಆದರೆ ಸ್ಪರ್ಧೆಯಲ್ಲಿ ನಿಮಗೆ ಸಿಗುವುದು ಸಾಮಾನ್ಯವಾಗಿ ಒಂದೂವರೆ ಎರಡು ತಾಸು. ಐದು ತಾಸಿನ ನಾಟಕವನ್ನು ಕತ್ತರಿಸಿ ಎರಡು ತಾಸಿಗೆ ಇಳಿಸಿದರೆ ಏನಾಗುತ್ತದೆ? ಹಾಸ್ಯದ ಜೋಡಿ ಯಾಕೆ ಬಂದರು, ಎಲ್ಲಿ ಹೋದರು ಗೊತ್ತಾಗುವುದಿಲ್ಲ. ತಂಗಿ ಅಳುವುದಕ್ಕೆ ಮೊದಲೇ ಅಣ್ಣ ಸೇಡು ತೀರಿಸಿಕೊಳ್ಳುತ್ತಾನೆ. ನೀವು ಮಾಡಿದ್ದು ಇದೇ ಇರಬೇಕು.

ಜಾತ್ರೆಯ ನಾಟಕ ಜಾತ್ರೆಗೇ ಇರಲಿ, ಅದನ್ನು ಬಿಡಬೇಡಿ. ಸ್ಪರ್ಧೆಗೆ ಬೇರೆ ನಾಟಕ ಕಟ್ಟಿ. ಹೇಗೆ ಆರಿಸಬೇಕು ಅಂದರೆ, ಮೊದಲು ಪುಸ್ತಕ ಹುಡುಕಬೇಡಿ, ಮೊದಲು ನಿಮ್ಮ ತಂಡ ನೋಡಿಕೊಳ್ಳಿ. ಯಾರಿಗೆ ಭಜನೆಯ ಗಂಟಲು ಇದೆ? ಯಾರು ಡೊಳ್ಳು ಬಾರಿಸುತ್ತಾರೆ? ಸಣ್ಣಾಟ, ದೊಡ್ಡಾಟದಂಥ ಬಯಲಾಟಗಳ ಕುಣಿತ ಬಲ್ಲ ಹಿರಿಯರು ಊರಲ್ಲಿ ಇನ್ನೂ ಇದ್ದಾರಾ? ಕೋಲಾಟದ ತಂಡ ಇದೆಯಾ? ಹೆಣ್ಣುಮಕ್ಕಳು ಎಷ್ಟು ಜನ ಬರುತ್ತಾರೆ? ಇದೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಆ ಹಾಳೆಗೆ ಹೊಂದುವ ನಾಟಕ ಹುಡುಕಿ.

ನಿಮ್ಮ ಕಡೆಯವರಿಗೆ ನನಗೆ ತಟ್ಟನೆ ಹೊಳೆಯುವ ಉದಾಹರಣೆ ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’. ಸಣ್ಣಾಟವಾಗಿ ಹುಟ್ಟಿದ್ದು. ಹಳ್ಳಿಯಲ್ಲೂ ಆಡುತ್ತಾರೆ, ಪಟ್ಟಣದ ಹವ್ಯಾಸಿ ತಂಡಗಳೂ ಆಡಿವೆ. ಅದಕ್ಕೆ ಮನೆ, ಬೀದಿ, ಬಾವಿ ಅಂತ ಸೀನರಿ ಬೇಕಿಲ್ಲ. ಹಿಮ್ಮೇಳದವರು ಹಾಡಿದರೆ ಊರೂ ಬರುತ್ತದೆ, ಪೇಟೆಯೂ ಬರುತ್ತದೆ. ಚಂದ್ರಶೇಖರ ಕಂಬಾರರ ಹಲವು ನಾಟಕಗಳ ಉಸಿರಾಟವೂ ಇದೇ ಸೀಮೆಯದು. ಆ ಮಾತು ನಿಮ್ಮ ಹುಡುಗರ ಬಾಯಲ್ಲಿ ಸಲೀಸಾಗಿ ಹೊರಳುತ್ತದೆ. ಅದೇ ಹುಡುಗರ ಕೈಗೆ ಬೆಂಗಳೂರಿನ ಡ್ರಾಯಿಂಗ್ ರೂಮಿನ ನಾಟಕ ಕೊಟ್ಟರೆ ಸೋಫಾದ ಮೇಲೆ ಹೇಗೆ ಕೂರಬೇಕು ಅನ್ನುವುದರಲ್ಲೇ ತಿಂಗಳು ಕಳೆಯುತ್ತದೆ.

ಇಲ್ಲಿ ಮಂಚೀಕೇರಿಯ ಸಿದ್ದಿಯರ ಕಥೆ ಹೇಳಬೇಕು. ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಊರು ಅದು. 1980ರ ದಶಕದಲ್ಲಿ ರಂಗನಿರ್ದೇಶಕ ಚಿದಂಬರರಾವ್ ಜಂಬೆ ಅಲ್ಲಿನ ಸಿದ್ದಿ ಜನರನ್ನು ಕೂಡಿಸಿಕೊಂಡು ನಾಟಕ ಮಾಡಿಸಿದರು. ಸಿದ್ದಿಯರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರು. ಜಂಬೆ ಆರಿಸಿದ್ದು ನೈಜೀರಿಯಾದ ಚಿನುವಾ ಅಚೆಬೆ ಕಾದಂಬರಿಯ ರಂಗರೂಪ. ಆ ನಟರು ಯಾವ ರಂಗಶಾಲೆಗೂ ಹೋದವರಲ್ಲ. ಆದರೆ ಅವರಿಗೆ ಕುಣಿತ ಗೊತ್ತಿತ್ತು, ಡಮಾಮಿ ಅನ್ನುವ ಚರ್ಮವಾದ್ಯದ ಪೆಟ್ಟು ಗೊತ್ತಿತ್ತು, ಹಾಡು ಗೊತ್ತಿತ್ತು. ನಾಟಕ ಅವರಿದ್ದಲ್ಲಿಗೆ ಬಂತು. ಕರ್ನಾಟಕದ ರಂಗಭೂಮಿ ಬಗ್ಗೆ ಬರೆಯುವವರು ಆ ಪ್ರಯೋಗವನ್ನು ಇಂದಿಗೂ ನೆನೆಯುತ್ತಾರೆ. ನಿಮಗೆ ಆಫ್ರಿಕಾ ಬೇಕಿಲ್ಲ. ಆರಿಸಿದ ರೀತಿ ನೋಡಿಕೊಂಡರೆ ಸಾಕು.

ಭಾಷೆಯ ಬಗ್ಗೆ ಒಂದು ಎಚ್ಚರಿಕೆ. ಸ್ಪರ್ಧೆಗೆ ಅಂತ ಹುಡುಗರು ಪುಸ್ತಕದ ಕನ್ನಡ ಮಾತಾಡಲು ಹೋಗುತ್ತಾರೆ. ‘ಎಲ್ಲಿಗೆ ಹೊಂಟಿ’ ಅನ್ನುವವನು ‘ಎಲ್ಲಿಗೆ ಹೊರಟಿರುವೆ’ ಅನ್ನುತ್ತಾನೆ. ಬೇಡ. ನಿಮ್ಮ ಮಾತು ನಿಮಗೆ ದೊಡ್ಡ ಆಸ್ತಿ. ಆದರೆ ಇದಕ್ಕೂ ಇನ್ನೊಂದು ಮಗ್ಗಲು ಇದೆ. ದಕ್ಷಿಣದ ಪ್ರೇಕ್ಷಕರು ಉತ್ತರ ಕರ್ನಾಟಕದ ಮಾತು ಕೇಳಿದರೆ ಸಾಕು, ನಗಲು ರೆಡಿ ಇರುತ್ತಾರೆ. ಸಿನಿಮಾ, ಕಾಮಿಡಿ ಶೋ ಹಾಗೆ ಅಭ್ಯಾಸ ಮಾಡಿಸಿವೆ. ಆ ನಗು ಕೇಳಿದ ಕೂಡಲೇ ನಟನಿಗೆ ಆಸೆ ಹುಟ್ಟುತ್ತದೆ, ಇನ್ನಷ್ಟು ಎಳೆದು ಎಳೆದು ಮಾತಾಡುತ್ತಾನೆ. ದುಃಖದ ದೃಶ್ಯಕ್ಕೆ ಬರುವ ಹೊತ್ತಿಗೆ ಜನ ನಗುವ ಮೂಡಿನಲ್ಲೇ ಇರುತ್ತಾರೆ. ಮೊದಲ ಹತ್ತು ನಿಮಿಷ ಸುಮ್ಮಸುಮ್ಮನೆ ನಗಿಸದೆ ಬಿಗಿಯಾಗಿ ನಡೆಸಿದರೆ ಆ ತೊಂದರೆ ಬರುವುದಿಲ್ಲ.

ಇನ್ನು ಹೆಣ್ಣು ಪಾತ್ರ. ನೀವು ಇದರ ಬಗ್ಗೆ ಏನೂ ಬರೆದಿಲ್ಲ. ಬಹುಶಃ ಎಲ್ಲರ ಹಾಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತೀರಿ. ಅವರು ವೃತ್ತಿಯವರು. ಹಿಂದಿನ ದಿನವೋ ಅದೇ ದಿನ ಮಧ್ಯಾಹ್ನವೋ ಬರುತ್ತಾರೆ, ಒಂದು ಸಲ ಪುಸ್ತಕ ನೋಡುತ್ತಾರೆ, ರಾತ್ರಿ ಸ್ಟೇಜ್ ಆಳುತ್ತಾರೆ. ಅವರ ತಾಕತ್ತಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಸ್ಪರ್ಧೆಯ ನಾಟಕದಲ್ಲಿ ಇದು ಎದ್ದು ಕಾಣುತ್ತದೆ. ಎರಡು ತಿಂಗಳು ಕೂಡಿ ತಾಲೀಮು ಮಾಡಿದ ಎಂಟು ಗಂಡಸರು ಒಂದು ಲಯದಲ್ಲಿ ಇರುತ್ತಾರೆ, ನಾಯಕಿ ಇನ್ನೊಂದು ಲಯದಲ್ಲಿ. ಆಕೆಯ ತಪ್ಪಿಲ್ಲ ಇದರಲ್ಲಿ. ಆಕೆಗೆ ನೀವು ತಾಲೀಮು ಕೊಟ್ಟಿಲ್ಲ.

ಹಾಗಾಗಿ ಊರಿನ ಹೆಣ್ಣುಮಕ್ಕಳನ್ನೇ ಕರೆಯಿರಿ. ‘ನಮ್ಮೂರಲ್ಲಿ ಯಾರೂ ಬರಂಗಿಲ್ರಿ’ ಅಂತ ಪ್ರತಿ ಊರಿನವರೂ ಹೇಳುತ್ತಾರೆ. ಬರುತ್ತಾರೆ, ಆದರೆ ನೀವು ಕರೆಯುವ ರೀತಿ ಬದಲಾಗಬೇಕು. ಯುವಕ ಸಂಘದ ಹುಡುಗರು ಹೋಗಿ ಒಬ್ಬ ಹುಡುಗಿಯನ್ನು ಕೇಳಿದರೆ ಅವಳ ಮನೆಯಲ್ಲಿ ಒಪ್ಪುವ ಪ್ರಶ್ನೆಯೇ ಇಲ್ಲ. ಸಂಘದ ಹಿರಿಯರೊಬ್ಬರು ತಮ್ಮ ಮನೆಯವರ ಜೊತೆ ಹೋಗಿ ಮಾತಾಡಬೇಕು. ಒಬ್ಬಳನ್ನೇ ಕರೆಯಬೇಡಿ, ಮೂರು ನಾಲ್ಕು ಜನರನ್ನು ಒಟ್ಟಿಗೇ ಕರೆಯಿರಿ. ಅಂಗನವಾಡಿಯ ಅಕ್ಕ, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದವರು, ಶಾಲೆಯ ಟೀಚರ್ ಇವರಿಗೆ ನಾಲ್ಕು ಜನರ ಮುಂದೆ ಮಾತಾಡಿ ರೂಢಿ ಇರುತ್ತದೆ. ಅವರಲ್ಲಿ ಒಬ್ಬರು ಬಂದರೆ ಹಿಂದೆ ಇಬ್ಬರು ಬರುತ್ತಾರೆ.

ತಾಲೀಮಿನ ಸಮಯವೇ ದೊಡ್ಡ ಅಡ್ಡಿ. ರಾತ್ರಿ ಒಂಬತ್ತಕ್ಕೆ ಶುರು ಮಾಡಿ ಹನ್ನೆರಡಕ್ಕೆ ಮುಗಿಸಿದರೆ ಯಾವ ಹೆಣ್ಣುಮಗಳು ಬರುತ್ತಾಳೆ? ಸಂಜೆ ಆರರಿಂದ ಎಂಟು ಅವರ ದೃಶ್ಯ, ಆಮೇಲೆ ಗಂಡಸರದು. ಅವರ ಅಡುಗೆ ಹೊತ್ತಿಗೆ ಕುತ್ತು ಬರದ ಹಾಗೆ ಅವರನ್ನೇ ಕೇಳಿ ಸಮಯ ಗೊತ್ತು ಮಾಡಿ. ಮಕ್ಕಳನ್ನು ಕರೆದುಕೊಂಡು ಬರಲಿ, ಅತ್ತೆ ಬಂದು ಕೂತು ನೋಡಲಿ. ಅತ್ತೆಯಂದಿರು ಎರಡು ದಿನ ನೋಡಿದರೆ ಮೂರನೇ ದಿನ ‘ಅಲ್ಲಿ ಹಂಗ ಅಲ್ಲವಾ, ಹಿಂಗ ಅನ್ನು’ ಅಂತ ಅವರೇ ಡೈರೆಕ್ಷನ್ ಶುರು ಮಾಡುತ್ತಾರೆ! ಕುಡಿದು ತಾಲೀಮಿಗೆ ಬರುವವನನ್ನು, ಅವನು ಹೀರೋ ಆಗಿದ್ದರೂ ಸರಿ, ಅವತ್ತೇ ಬಿಡಿಸಿ. ಈ ಒಂದು ನಿಯಮ ಪಾಲಿಸದ ಊರಲ್ಲಿ ಹೆಣ್ಣುಮಕ್ಕಳು ಉಳಿಯುವುದಿಲ್ಲ.

ತಾಲೀಮು ಎಷ್ಟು ದಿನ? ನಿಮ್ಮ ಕಡೆ ಗೋವಿನಜೋಳ ಮುರಿಯುವ ಸುಗ್ಗಿಯಲ್ಲಿ ತಾಲೀಮು ಇಟ್ಟರೆ ಅರ್ಧ ಜನ ಬರುವುದಿಲ್ಲ. ಬಂದವರು ಸುಸ್ತಾಗಿ ನಿದ್ದೆಗಣ್ಣಲ್ಲಿ ಇರುತ್ತಾರೆ. ಸ್ಪರ್ಧೆಯ ತಾರೀಕು ನೋಡಿಕೊಂಡು ಹಿಂದಕ್ಕೆ ಎಣಿಸಿ, ಹೊಲದ ಕೆಲಸ ಕಡಿಮೆ ಇರುವ ಎರಡು ತಿಂಗಳು ಹಿಡಿಯಿರಿ. ಮೊದಲ ಹದಿನೈದು ದಿನ ಬರೀ ಕೂತು ಓದುವುದು. ಇದು ಹುಡುಗರಿಗೆ ಬೇಜಾರು, ಎದ್ದು ನಿಂತು ಕೈ ಬೀಸಬೇಕು ಅಂತ ತವಕ. ಬಿಡಬೇಡಿ. ಪ್ರತಿಯೊಬ್ಬನೂ ಇನ್ನೊಬ್ಬನ ಪಾತ್ರವನ್ನೂ ಓದಲಿ. ಜ್ವರ ಬಂದು ಒಬ್ಬ ಮಲಗಿದರೆ ನಾಟಕ ನಿಲ್ಲದೆ ಇರಲಿಕ್ಕೆ ಇದೇ ದಾರಿ.

ಈಗ ನಿಮ್ಮ ಎರಡು ನೇರ ಪ್ರಶ್ನೆ.

ಸೆಟ್ಟಿಗೆ ಜಾಸ್ತಿ ದುಡ್ಡು ಹಾಕಬೇಡಿ. ಬಾಡಿಗೆಗೆ ಸಿಗುವ ದರ್ಬಾರ್, ಕಾಡು, ಬೀದಿ ಪರದೆಗಳು ಸ್ಪರ್ಧೆಯಲ್ಲಿ ನಿಮ್ಮ ಕೈ ಹಿಡಿಯುವುದಿಲ್ಲ. ಫ್ಲೆಕ್ಸ್ ಬ್ಯಾನರಿನ ಮನೆ ಅಂತೂ ಬೇಡವೇ ಬೇಡ, ಲೈಟು ಬಿದ್ದ ಕೂಡಲೇ ಮಿರಮಿರ ಮಿಂಚುತ್ತದೆ. ಸ್ಪರ್ಧೆಯಲ್ಲಿ ಒಂದು ತಂಡದ ನಾಟಕಕ್ಕೂ ಇನ್ನೊಂದಕ್ಕೂ ನಡುವೆ ಸಮಯ ಕಡಿಮೆ. ಅಷ್ಟರಲ್ಲಿ ಕಟ್ಟಿ, ಬಿಚ್ಚಿ, ಗಾಡಿಗೆ ಹಾಕುವಂಥದ್ದು ಇರಬೇಕು. ಒಂದೇ ಅಳತೆಯ ನಾಲ್ಕೈದು ಕಟ್ಟಿಗೆಯ ಪೆಟ್ಟಿಗೆ ಮಾಡಿಸಿ. ಅದೇ ಕಟ್ಟೆ, ಅದೇ ಬಂಡಿ, ಅದೇ ಬಾವಿ. ಕಂಬಳಿ, ಹಗ್ಗ, ಮೊರ, ಬುಟ್ಟಿ ನಿಮ್ಮ ಮನೆಗಳಲ್ಲೇ ಇವೆ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯವರು ಊರೂರು ತಿರುಗಿ ಆಡುವ ‘ತಿರುಗಾಟ’ದ ನಾಟಕಗಳನ್ನು ನೋಡಿದವರಿಗೆ ಇದು ಗೊತ್ತು. ಇವತ್ತು ಒಂದು ಊರು, ನಾಳೆ ಇನ್ನೊಂದು, ಒಂದು ಕಡೆ ಸಭಾಂಗಣ, ಇನ್ನೊಂದು ಕಡೆ ಶಾಲೆಯ ಅಂಗಳ. ಎಲ್ಲ ಕಡೆಯೂ ನಿಲ್ಲುವಂಥ ಸರಳ ಸಜ್ಜಿಕೆಯನ್ನೇ ಅವರು ಒಯ್ಯುತ್ತಾರೆ.

ಲೈಟಿಂಗೂ ಅಷ್ಟೇ. ಬಣ್ಣ ಬದಲಾಯಿಸುತ್ತಲೇ ಇರುವ ಎಲ್‌ಇಡಿ ಪಾರ್ ಲೈಟುಗಳು ಆರ್ಕೆಸ್ಟ್ರಾಕ್ಕೆ ಸರಿ. ನಿಮಗೆ ಬೇಕಾದದ್ದು ನಟನ ಮುಖ ಕಾಣಿಸುವ ಬೆಳಕು. ಸಭಾಂಗಣದಲ್ಲಿ ಏನೇನು ಲೈಟು ಇದೆ ಅಂತ ವಾರ ಮೊದಲೇ ಫೋನು ಮಾಡಿ ಕೇಳಿ. ಸಂಗೀತಕ್ಕೆ ಕ್ಯಾಸಿಯೋ ಕೀಬೋರ್ಡ್ ಒಂದೇ ಸಾಕು ಅಂತ ಇರಬೇಡಿ, ಊರಿನ ಭಜನಾ ಮಂಡಳಿಯವರನ್ನು ರಂಗದ ಪಕ್ಕದಲ್ಲೇ ಕೂಡ್ರಿಸಿ. ಹಾರ್ಮೋನಿಯಂ, ತಬಲಾ, ತಾಳ, ಹಿಂದೆ ನಾಲ್ಕು ಗಂಟಲು. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಬಂದ ಮ್ಯೂಸಿಕ್ ಸರಿಯಾದ ಹೊತ್ತಿಗೆ ಶುರುವಾಗದೆ ನಟ ಬಾಯಿ ತೆರೆದು ನಿಂತದ್ದನ್ನು ಎಷ್ಟು ಸಲ ನೋಡಿಲ್ಲ!

ಡೈರೆಕ್ಟರ್ ವಿಷಯ ಬೇರೆ. ಹೊರಗಿನವರು ಒಬ್ಬರು ಬೇಕು ಅಂತಲೇ ನಾನು ಹೇಳುತ್ತೇನೆ. ಯಾಕೆಂದರೆ ಗೌಡನ ಪಾತ್ರದವನು ಅವರಿಗೆ ಬೀಗನಲ್ಲ, ‘ಇದು ಚೆನ್ನಾಗಿಲ್ಲ’ ಅಂತ ಮುಖಕ್ಕೆ ಹೇಳಬಲ್ಲರು. ನೀನಾಸಂನಲ್ಲಿ, ಸಾಣೇಹಳ್ಳಿಯ ರಂಗಶಾಲೆಯಲ್ಲಿ, ಮೈಸೂರಿನ ರಂಗಾಯಣದಲ್ಲಿ ಕಲಿತು ಊರಿಗೆ ಮರಳಿದ ಹುಡುಗ ಹುಡುಗಿಯರು ಈಗ ಹಲವು ಜಿಲ್ಲೆಗಳಲ್ಲಿ ಇದ್ದಾರೆ. ಪೇಪರಿನಲ್ಲಿ ಹೆಸರು ಬಂದವರನ್ನೇ ಹುಡುಕುವ ಬದಲು ಇವರನ್ನು ಹುಡುಕಿ. ಆದರೆ ಕೆಲವು ವಿಷಯ ಮೊದಲೇ ಮಾತಾಡಿಕೊಳ್ಳಿ. ಹತ್ತು ದಿನ ಬಂದು, ಬೇರೆ ಎಲ್ಲೋ ಆಡಿಸಿದ ನಾಟಕವನ್ನೇ ಇಲ್ಲಿ ಅಚ್ಚು ಹೊಡೆದು ಹೋಗುವವರು ಬೇಡ. ತಿಂಗಳಾದರೂ ಊರಲ್ಲಿ ಉಳಿಯಬೇಕು. ಉಳಿಯುವ ಮನೆ, ಊಟ, ಸಂಭಾವನೆ ಮೂರನ್ನೂ ಮೊದಲ ದಿನವೇ ಗೊತ್ತು ಮಾಡಿ, ಕೊನೆಯ ದಿನ ತಪ್ಪದೆ ಕೊಟ್ಟುಬಿಡಿ. ನಿಮ್ಮಲ್ಲಿ ಒಬ್ಬರು ಸಹನಿರ್ದೇಶಕರಾಗಿ ಪ್ರತಿಯೊಂದನ್ನೂ ಬರೆದುಕೊಳ್ಳಬೇಕು. ಅವರು ಹೋದ ಮೇಲೆ ನಾಟಕವನ್ನು ಕಾಯುವವರು ಇವರೇ.

ನಾಟಕ ಸಿದ್ಧವಾಯಿತು ಅನ್ನಿ. ನೇರ ಸ್ಪರ್ಧೆಗೆ ಹೋಗಬೇಡಿ. ಮೊದಲು ನಿಮ್ಮನ್ನು ಯಾರೂ ಗುರುತಿಸದ ಮೂರು ನಾಲ್ಕು ಊರಲ್ಲಿ ಆಡಿ. ಪಕ್ಕದ ಊರು ಸಾಲದು, ಅಲ್ಲಿಯೂ ನಿಮ್ಮ ಬೀಗರೇ. ಬೇರೆ ತಾಲ್ಲೂಕಿಗೆ ಹೋಗಿ. ಅಲ್ಲಿನ ಸಂಘಕ್ಕೆ ಹೇಳಿ: ಊಟ, ಜಾಗ, ಕರೆಂಟು ನಿಮ್ಮದು, ನಾಟಕ ನಮ್ಮದು. ಮುಂದಿನ ವರ್ಷ ಅವರ ನಾಟಕ ನಿಮ್ಮ ಊರಿಗೆ ಬರಲಿ. ಜನ ಎಲ್ಲಿ ಕೆಮ್ಮಿದರು, ಎಲ್ಲಿ ಮೊಬೈಲು ತೆಗೆದರು, ಎಲ್ಲಿ ಸುಮ್ಮನಾದರು ಅಂತ ಒಬ್ಬರು ಹಿಂದೆ ಕೂತು ಗುರುತು ಮಾಡಿಕೊಳ್ಳಲಿ. ಕೆಮ್ಮು ಬಂದ ಕಡೆ ಕತ್ತರಿ ಹಾಕಿ. ನಾಲ್ಕನೇ ಪ್ರದರ್ಶನದ ಹೊತ್ತಿಗೆ ನಾಟಕದ ಉದ್ದ ತಾನಾಗಿ ಕಡಿಮೆಯಾಗಿರುತ್ತದೆ. ಹುಡುಗರಿಗೂ ಮೌನದ ಭಯ ಹೋಗಿರುತ್ತದೆ.

ಹಳ್ಳಿ ತಂಡಗಳು ಹೊರಗೆ ಗೆಲ್ಲುತ್ತವೆಯೇ ಅನ್ನುವ ಅನುಮಾನ ನಿಮ್ಮ ಮಾತಿನಲ್ಲಿ ಕಂಡಿತು. ನಿಮ್ಮದೇ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಶೇಷಗಿರಿಗೆ ಒಂದು ಸಲ ಹೋಗಿ ಬನ್ನಿ. ಸಣ್ಣ ಊರು. ಅಲ್ಲಿನ ಯುವಕ ಮಂಡಳದವರು ನಾಟಕ ಆಡುತ್ತ ಆಡುತ್ತ ಊರಿಗೇ ಒಂದು ರಂಗಮಂದಿರ ಮಾಡಿಕೊಂಡಿದ್ದಾರೆ. ನೀವು ಅರ್ಧ ದಿನ ಅವರ ಜೊತೆ ಕೂತರೆ ನನ್ನ ಈ ಉತ್ತರಕ್ಕಿಂತ ಜಾಸ್ತಿ ಕಲಿಯುತ್ತೀರಿ.

ಹೆಗ್ಗೋಡಿನ ಹೆಸರು ಎಲ್ಲರೂ ಹೇಳುತ್ತಾರೆ, ಆದರೆ ಅದು ಶುರುವಾದದ್ದು ಹೇಗೆ ಅಂತ ಮರೆಯುತ್ತಾರೆ. 1949ರಲ್ಲಿ ಸಾಗರ ತಾಲ್ಲೂಕಿನ ಆ ಅಡಿಕೆ ತೋಟದ ಊರಲ್ಲಿ ಕೆಲವರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಅಂತ ಮಾಡಿಕೊಂಡರು. ಹೆಸರು ನೋಡಿ, ಎಷ್ಟೋ ಹಳ್ಳಿ ಸಂಘಗಳ ಹಾಗೇ ದೇವರ ಹೆಸರು. ನೀನಾಸಂ ಅಂದರೆ ಅದರ ಮೊದಲ ಅಕ್ಷರಗಳು. ನಾಟಕ ಕಲಿಸುವ ಶಾಲೆ ಬಂದದ್ದು 1980ರಲ್ಲಿ, ತಿರುಗಾಟ ಹೊರಟದ್ದು 1985ರಲ್ಲಿ, ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಅಂದರೆ ಶಾಲೆ ಬರುವ ಮೊದಲು ಮೂವತ್ತು ವರ್ಷ ಅವರು ಹವ್ಯಾಸಿಗಳೇ. ಆ ಅವಧಿಯಲ್ಲಿ ನಾಟಕದ ಜೊತೆಗೆ ಒಂದು ಚಿತ್ರಸಮಾಜವನ್ನೂ ಕಟ್ಟಿಕೊಂಡು ಜಗತ್ತಿನ ಒಳ್ಳೊಳ್ಳೆ ಸಿನಿಮಾಗಳನ್ನು ಊರವರಿಗೆ ತೋರಿಸಿದರು. ನಟರ ಜೊತೆಗೆ ನೋಡುಗರನ್ನೂ ತಯಾರು ಮಾಡಿದರು. ಈಗಲೂ ಅಲ್ಲಿನ ತೋಟದವರು, ಅಂಗಡಿಯವರು, ಮೇಷ್ಟ್ರುಗಳು ಸೇರಿದ ಊರಿನದೇ ಒಂದು ಬಳಗ ನಾಟಕ ಆಡುತ್ತದೆ. ನಿಮ್ಮ ಊರಲ್ಲೂ ತಿಂಗಳಿಗೊಮ್ಮೆ ಸಮುದಾಯ ಭವನದಲ್ಲಿ ಒಂದು ಒಳ್ಳೆಯ ನಾಟಕದ ವಿಡಿಯೋ ಗೋಡೆಯ ಮೇಲೆ ಹಾಕಿ ನೋಡಿದರೆ ಖರ್ಚೇನು? ಪ್ರೊಜೆಕ್ಟರ್ ಹೈಸ್ಕೂಲಿನಲ್ಲಿ ಸಿಗುತ್ತದೆ.

ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಯೋಚಿಸಿ. ಎಲ್ಲ ಸ್ಪರ್ಧೆಯೂ ಒಂದೇ ಅಲ್ಲ. ಉಡುಪಿಯ ರಂಗಭೂಮಿ ಸಂಸ್ಥೆ ವರ್ಷವೂ ನಡೆಸುವ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಪಳಗಿದ ತಂಡಗಳು ಇರುತ್ತವೆ, ನೋಡುವ ಜನವೂ ಪಳಗಿದವರು. ಮೊದಲ ವರ್ಷ ಅಂಥ ಕಡೆ ಬರೀ ನೋಡಲು ಹೋಗಿ, ಪೂರ್ತಿ ತಂಡ ಹೋಗಿ. ಬೇರೆ ತಂಡದವರ ನಾಟಕ ನೋಡದೆ ತಮ್ಮದು ಮುಗಿದ ಕೂಡಲೇ ಗಾಡಿ ಹತ್ತುವ ತಂಡಗಳೇ ಜಾಸ್ತಿ. ಅಂಥವರು ಪ್ರತಿ ವರ್ಷ ಅದೇ ನಾಟಕವನ್ನು ಬೇರೆ ಹೆಸರಿನಲ್ಲಿ ಆಡುತ್ತಿರುತ್ತಾರೆ. ಮೈಸೂರಿನ ಬಹುರೂಪಿ ನಾಟಕೋತ್ಸವ, ಸಾಣೇಹಳ್ಳಿಯ ನಾಟಕೋತ್ಸವ ಇಂಥವು ಸ್ಪರ್ಧೆಗಳಲ್ಲ, ಅಲ್ಲಿ ಬಹುಮಾನ ಇರುವುದಿಲ್ಲ, ಕರೆದರೆ ಹೋಗಿ ಆಡುವುದು. ಆ ಕರೆ ಬರುವುದು ನಿಮ್ಮ ನಾಟಕವನ್ನು ಯಾರೋ ಎಲ್ಲೋ ನೋಡಿ ಇನ್ನೊಬ್ಬರಿಗೆ ಹೇಳಿದಾಗ.

ಬಹುಮಾನ ಬಂದ ಮೇಲೆ ಒಡೆದ ತಂಡಗಳನ್ನೂ ನೋಡಿದ್ದೇನೆ. ಶ್ರೇಷ್ಠ ನಟ ಅಂತ ಒಬ್ಬನಿಗೆ ಪ್ರಶಸ್ತಿ ಬರುತ್ತದೆ, ಮರುವರ್ಷ ಅವನ ಪಕ್ಕದಲ್ಲಿ ನಿಲ್ಲಲು ಉಳಿದವರಿಗೆ ಮನಸ್ಸಿಲ್ಲ. ವೈಯಕ್ತಿಕ ಬಹುಮಾನದ ಹಣವೂ ಸಂಘಕ್ಕೆ, ಶೀಲ್ಡು ಮಾತ್ರ ಮನೆಗೆ ಅಂತ ತಾಲೀಮಿನ ಮೊದಲ ದಿನವೇ ಬರೆದು ಎಲ್ಲರ ಸಹಿ ಹಾಕಿಸಿ. ಲೆಕ್ಕದ ಪುಸ್ತಕ ಯಾರು ಕೇಳಿದರೂ ತೋರಿಸುವಂತಿರಲಿ. ಸಂಘ ಇನ್ನೂ ನೋಂದಣಿ ಆಗಿಲ್ಲದಿದ್ದರೆ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಏಳು ಜನ ಇದ್ದರೆ ಸಾಕು, ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಆಗುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಕೇಳಲು ಆ ಸರ್ಟಿಫಿಕೇಟು ಬೇಕಾಗುತ್ತದೆ.

ಕೊನೆಗೆ ನಾಟಕಕಾರರ ಅನುಮತಿ. ಇದನ್ನು ಎಲ್ಲರೂ ಕಡೆಗಣಿಸುತ್ತಾರೆ, ಅರ್ಜಿ ತುಂಬುವ 2 ದಿನ ಮೊದಲು ಓಡಾಡುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಹವ್ಯಾಸಿ ಸಂಘಗಳಿಗೆ ಒಂದು ರಿಯಾಯಿತಿ ಇದೆ. ಟಿಕೆಟ್ ಇಲ್ಲದೆ ಜನರಿಗೆ ತೋರಿಸಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಕ್ಕಾಗಿ ಆಡಿದರೆ, ಅದು ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಜಾತ್ರೆಯ ನಾಟಕಕ್ಕೆ ಇದು ಸಾಕು. ಸ್ಪರ್ಧೆಯವರು ಮಾತ್ರ ಸಾಮಾನ್ಯವಾಗಿ ಒಪ್ಪಿಗೆ ಪತ್ರ ಕೇಳುತ್ತಾರೆ. ಟಿಕೆಟ್ ಇಟ್ಟರೆ ಬೇಕೇ ಬೇಕು. ಕಥೆ, ಕಾದಂಬರಿಯನ್ನು ನಾಟಕ ಮಾಡಿಕೊಳ್ಳುವುದಾದರೆ ಅದಕ್ಕೆ ಬೇರೆಯೇ ಅನುಮತಿ ಬೇಕು. ಹಕ್ಕು ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಟಿ.ಪಿ. ಕೈಲಾಸಂ 1946ರಲ್ಲಿ ತೀರಿಕೊಂಡರು, ನಾಟಕಕಾರ ಸಂಸ 1939ರಲ್ಲಿ. ಅವರ ನಾಟಕಗಳಿಗೆ ಯಾರನ್ನೂ ಕೇಳಬೇಕಾಗಿಲ್ಲ. ಕೈಲಾಸಂ ಅವರ ಇಂಗ್ಲಿಷ್ ಬೆರೆತ ಮಾತು ನಿಮ್ಮ ಹುಡುಗರ ಬಾಯಿಗೆ ಹೊಂದುವುದು ಕಷ್ಟ, ಅದು ಬೇರೆ ವಿಷಯ. ಕುವೆಂಪು ಅವರದು 2054ರ ಕೊನೆಯವರೆಗೆ, ಶ್ರೀರಂಗರದು 2044ರವರೆಗೆ ಹಕ್ಕಿನಲ್ಲಿ ಇವೆ. ಬದುಕಿರುವ ನಾಟಕಕಾರರಿಗೆ ಒಂದು ಕಾಗದ ಬರೆದು ಫೋನು ಮಾಡಿ ಕೇಳಿ, ಹಳ್ಳಿ ತಂಡ ಅಂದರೆ ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ. ಮಾತನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತೇವೆ, ಇಷ್ಟು ಭಾಗ ಬಿಡುತ್ತೇವೆ ಅನ್ನುವುದನ್ನೂ ಅದೇ ಪತ್ರದಲ್ಲಿ ಬರೆದು ಒಪ್ಪಿಗೆ ತಗೊಳ್ಳಿ. ಸ್ಪರ್ಧೆ ಮುಗಿದ ಮೇಲೂ ಬೇರೆ ಊರುಗಳಲ್ಲಿ ಆಡುವವರಿದ್ದರೆ ಅದನ್ನೂ ಸೇರಿಸಿ, ಪತ್ರದ ಜೆರಾಕ್ಸ್ ಒಂದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ಗಾಡಿ ಹತ್ತಿ.